ಧೂಮಪಾನ ತ್ಯಜಿಸುವಿಕೆ

ಧೂಮಪಾನ ತ್ಯಜಿಸುವಿಕೆ ಎಂದರೆ ಸಿಗರೇಟು, ಬೀಡಿ, ಚುಟ್ಟಾ, ಹುಕ್ಕಾ ಮೊದಲಾದ ರೂಪಗಳಲ್ಲಿ ತಂಬಾಕಿನ ಹೊಗೆಯನ್ನು ಸೇದುವ ಅಭ್ಯಾಸವನ್ನು ಸಂಪೂರ್ಣವಾಗಿ ನಿಲ್ಲಿಸುವ ಪ್ರಕ್ರಿಯೆ. ತಂಬಾಕಿನಲ್ಲಿರುವ ನಿಕೋಟಿನ್ ಎಂಬ ರಾಸಾಯನಿಕವು ಬಲವಾದ ವ್ಯಸನವನ್ನು ಉಂಟುಮಾಡುವುದರಿಂದ ಈ ಪ್ರಕ್ರಿಯೆಯು ಬಹುತೇಕರಿಗೆ ಒಂದೇ ದಿನದ ನಿರ್ಧಾರದಿಂದ ಮುಗಿಯುವುದಿಲ್ಲ. ಹಲವರು ಅನೇಕ ಬಾರಿ ಪ್ರಯತ್ನಿಸಿ, ಎಡವಿ, ಮತ್ತೆ ಪ್ರಯತ್ನಿಸಿದ ಬಳಿಕ ಯಶಸ್ವಿಯಾಗುತ್ತಾರೆ. ಯಾವುದೇ ನೆರವಿಲ್ಲದೆ ಬಿಡಲು ಯತ್ನಿಸುವವರಲ್ಲಿ 6ರಿಂದ 12 ತಿಂಗಳುಗಳ ನಂತರವೂ ಧೂಮಪಾನದಿಂದ ದೂರವಿರುವವರ ಪ್ರಮಾಣ ಒಂದು ಪ್ರಯತ್ನಕ್ಕೆ ಸುಮಾರು ಶೇ. 3ರಿಂದ 5 ಮಾತ್ರ. ಆಪ್ತಸಮಾಲೋಚನೆ ಮತ್ತು ಔಷಧಗಳನ್ನು ಒಟ್ಟಾಗಿ ಬಳಸಿದಾಗ ಈ ಪ್ರಮಾಣವು ಗಣನೀಯವಾಗಿ ಹೆಚ್ಚುತ್ತದೆ.

ಧೂಮಪಾನವು ಶ್ವಾಸಕೋಶದ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ದೀರ್ಘಕಾಲೀನ ಶ್ವಾಸಕೋಶ ಕಾಯಿಲೆ ಹಾಗೂ ಕ್ಷಯರೋಗದ ಅಪಾಯವನ್ನು ಹೆಚ್ಚಿಸುತ್ತದೆ. ಯಾವ ವಯಸ್ಸಿನಲ್ಲಿ ತ್ಯಜಿಸಿದರೂ ಲಾಭವುಂಟು. ಬೇಗ ತ್ಯಜಿಸಿದಷ್ಟೂ ಲಾಭ ಹೆಚ್ಚು.

## ನಿಕೋಟಿನ್ ಮತ್ತು ವ್ಯಸನದ ಸ್ವರೂಪ

ಸೇದಿದ ಹೊಗೆಯಲ್ಲಿರುವ ನಿಕೋಟಿನ್ ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ಸುಮಾರು 10ರಿಂದ 20 ಸೆಕೆಂಡುಗಳಲ್ಲಿ ಮೆದುಳನ್ನು ತಲುಪುತ್ತದೆ. ಅಲ್ಲಿ ಅದು ನರಕೋಶಗಳ ಮೇಲಿರುವ ಅಸಿಟೈಲ್‌ಕೋಲಿನ್ ಗ್ರಾಹಕಗಳಿಗೆ ಅಂಟಿಕೊಂಡು ಡೋಪಮಿನ್ ಎಂಬ ನರವಾಹಕದ ಬಿಡುಗಡೆಗೆ ಕಾರಣವಾಗುತ್ತದೆ. ಡೋಪಮಿನ್ ಹಿತಾನುಭವ ಮತ್ತು ಪ್ರತಿಫಲದ ಭಾವನೆಗೆ ಸಂಬಂಧಿಸಿದ್ದು, ಆ ಅನುಭವವನ್ನು ಮತ್ತೆ ಮತ್ತೆ ಪಡೆಯುವಂತೆ ಮೆದುಳನ್ನು ಪ್ರಚೋದಿಸುತ್ತದೆ. ದೀರ್ಘಕಾಲ ಧೂಮಪಾನ ಮಾಡಿದವರ ಮೆದುಳಿನಲ್ಲಿ ಈ ಗ್ರಾಹಕಗಳ ಸಂಖ್ಯೆಯೇ ಹೆಚ್ಚುತ್ತದೆ. ಹೀಗೆ ಹೆಚ್ಚಿದ ಗ್ರಾಹಕಗಳು ನಿಕೋಟಿನ್ ದೊರೆಯದಿದ್ದಾಗ ಅಸ್ವಸ್ಥತೆಯನ್ನು ಉಂಟುಮಾಡುತ್ತವೆ.

ರಕ್ತದಲ್ಲಿನ ನಿಕೋಟಿನ್ ಪ್ರಮಾಣವು ಸುಮಾರು 2 ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ಆದುದರಿಂದ ವ್ಯಸನಿಯು ದಿನವಿಡೀ ಸಣ್ಣ ಪ್ರಮಾಣದ ಹಿಂತೆಗೆತವನ್ನು ಅನುಭವಿಸುತ್ತ, ಮುಂದಿನ ಸಿಗರೇಟಿನಿಂದ ಅದನ್ನು ತಾತ್ಕಾಲಿಕವಾಗಿ ಶಮನಗೊಳಿಸಿಕೊಳ್ಳುತ್ತಾನೆ. ಧೂಮಪಾನದಿಂದ ಮನಸ್ಸಿಗೆ ನೆಮ್ಮದಿ ದೊರೆಯುತ್ತದೆ ಎಂಬ ವ್ಯಾಪಕ ನಂಬಿಕೆಗೆ ಬಹುಮಟ್ಟಿಗೆ ಈ ಶಮನವೇ ಕಾರಣ. ಧೂಮಪಾನವನ್ನು ಬಿಟ್ಟು ಕೆಲವು ವಾರಗಳು ಕಳೆದವರಲ್ಲಿ ಆತಂಕ, ಖಿನ್ನತೆ ಹಾಗೂ ಒತ್ತಡಗಳು ಧೂಮಪಾನವನ್ನು ಮುಂದುವರಿಸಿದವರಿಗಿಂತ ಕಡಿಮೆಯಾಗುವುದನ್ನು ಅಧ್ಯಯನಗಳು ತೋರಿಸಿವೆ.

ವ್ಯಸನಕ್ಕೆ ರಾಸಾಯನಿಕ ಮುಖವಿರುವಂತೆ ಅಭ್ಯಾಸದ ಮುಖವೂ ಇದೆ. ದಿನಕ್ಕೆ 20 ಸಿಗರೇಟು ಸೇದುವ ವ್ಯಕ್ತಿಯು ಪ್ರತಿ ಸಿಗರೇಟಿಗೆ 10 ದಮ್ಮು ಎಳೆದರೆ ವರ್ಷಕ್ಕೆ 70,000ಕ್ಕೂ ಹೆಚ್ಚು ಬಾರಿ ಅದೇ ಕ್ರಿಯೆಯನ್ನು ಪುನರಾವರ್ತಿಸಿದಂತಾಗುತ್ತದೆ. ಬೆಳಗಿನ ಕಾಫಿ, ಊಟದ ನಂತರದ ಬಿಡುವು, ಬಸ್ಸಿಗಾಗಿ ಕಾಯುವ ಸಮಯ, ಗೂಡಂಗಡಿಯ ಮುಂದಿನ ಹರಟೆ, ಮದ್ಯಪಾನ, ಕೆಲಸದ ಒತ್ತಡ ಮುಂತಾದ ಸಂದರ್ಭಗಳು ಈ ಕ್ರಿಯೆಯೊಂದಿಗೆ ಬೆಸೆದುಕೊಳ್ಳುತ್ತವೆ. ದೇಹದಲ್ಲಿ ನಿಕೋಟಿನ್ ಉಳಿಯದೆ ತಿಂಗಳುಗಳು ಕಳೆದ ಮೇಲೂ ಇಂತಹ ಸಂದರ್ಭಗಳು ಸೇದುವ ಬಯಕೆಯನ್ನು ಕೆರಳಿಸಬಲ್ಲವು.

### ಅವಲಂಬನೆಯ ಅಳತೆ

ನಿಕೋಟಿನ್ ಅವಲಂಬನೆಯ ತೀವ್ರತೆಯನ್ನು ಅಳೆಯಲು ಫಾಗರ್‌ಸ್ಟ್ರಾಮ್ ಪರೀಕ್ಷೆಯನ್ನು ಬಳಸಲಾಗುತ್ತದೆ. ಸ್ವೀಡನ್ನಿನ ಕಾರ್ಲ್ ಫಾಗರ್‌ಸ್ಟ್ರಾಮ್ 1978ರಲ್ಲಿ ರೂಪಿಸಿದ ಪ್ರಶ್ನಾವಳಿಯನ್ನು 1991ರಲ್ಲಿ ಪರಿಷ್ಕರಿಸಲಾಯಿತು. ಪರಿಷ್ಕೃತ ರೂಪದಲ್ಲಿ 6 ಪ್ರಶ್ನೆಗಳಿದ್ದು 0ಯಿಂದ 10ರವರೆಗೆ ಅಂಕ ನೀಡಲಾಗುತ್ತದೆ. ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಸೇದಲಾಗುತ್ತದೆ ಎಂಬ ಪ್ರಶ್ನೆಗೆ ಇದರಲ್ಲಿ ವಿಶೇಷ ಮಹತ್ವವಿದೆ. ಎದ್ದ 5 ನಿಮಿಷಗಳೊಳಗೆ ಸೇದುವವರ ಅವಲಂಬನೆ ತೀವ್ರವಾದುದೆಂದು ಪರಿಗಣಿಸಲಾಗುತ್ತದೆ.

## ಹಿಂತೆಗೆತದ ಲಕ್ಷಣಗಳು

ಕೊನೆಯ ಸಿಗರೇಟಿನ ನಂತರ 4ರಿಂದ 24 ಗಂಟೆಗಳೊಳಗೆ ಹಿಂತೆಗೆತದ ಲಕ್ಷಣಗಳು ಆರಂಭವಾಗುತ್ತವೆ. ಸುಮಾರು ಮೂರನೆಯ ದಿನದ ವೇಳೆಗೆ ಅವು ಉತ್ತುಂಗಕ್ಕೇರಿ, ಮುಂದಿನ 3-4 ವಾರಗಳಲ್ಲಿ ಕ್ರಮೇಣ ಇಳಿಯುತ್ತವೆ. ಮುಖ್ಯ ಲಕ್ಷಣಗಳು ಹೀಗಿವೆ:

- ಸಿಡಿಮಿಡಿ, ಕೋಪ, ಅಸಹನೆ
- ಆತಂಕ ಮತ್ತು ಚಡಪಡಿಕೆ
- ಏಕಾಗ್ರತೆಯ ಕೊರತೆ
- ಮಂಕು ಕವಿದ ಮನಃಸ್ಥಿತಿ
- ನಿದ್ರಾಹೀನತೆ
- ಹಸಿವಿನ ಹೆಚ್ಚಳ
- ಮಲಬದ್ಧತೆ
- ಸೇದಬೇಕೆಂಬ ತೀವ್ರ ತುಡಿತ

ಮೊದಲ ದಿನಗಳಲ್ಲಿ ಕೆಲವರಿಗೆ ಕೆಮ್ಮು ಹೆಚ್ಚಾಗುವುದೂ ಉಂಟು. ಈ ಲಕ್ಷಣಗಳು ಅಹಿತಕರವಾದರೂ ಪ್ರಾಣಾಪಾಯ ತರುವಂಥವಲ್ಲ. ಮರುಕಳಿಕೆಯ ಬಹುಪಾಲು ಪ್ರಕರಣಗಳು ಮೊದಲ 8 ದಿನಗಳಲ್ಲಿಯೇ ಸಂಭವಿಸುವುದರಿಂದ, ಈ ಅವಧಿಗೆ ಮುಂಚಿತವಾಗಿಯೇ ಸಿದ್ಧರಾಗುವುದು ಅಗತ್ಯವೆಂದು ತಜ್ಞರು ಸಲಹೆ ನೀಡುತ್ತಾರೆ.

ಕಾಫಿ ಕುಡಿಯುವವರು ಗಮನಿಸಬೇಕಾದ ಒಂದು ಅಂಶವಿದೆ. ತಂಬಾಕಿನ ಹೊಗೆಯಲ್ಲಿರುವ ಕೆಲವು ಸಂಯುಕ್ತಗಳು ಕೆಫೀನನ್ನು ಒಡೆಯುವ ಯಕೃತ್ತಿನ ಕಿಣ್ವವನ್ನು ಚುರುಕುಗೊಳಿಸಿರುತ್ತವೆ. ಧೂಮಪಾನ ನಿಂತ ಮೇಲೆ ಆ ಕಿಣ್ವದ ವೇಗ ಕುಗ್ಗಿ, ಮೊದಲಿನಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನಿನ ಪ್ರಮಾಣ ಹೆಚ್ಚುತ್ತದೆ. ಇದರಿಂದ ಉಂಟಾಗುವ ನಡುಕ, ಚಡಪಡಿಕೆ, ನಿದ್ರಾಭಂಗಗಳನ್ನು ಹಿಂತೆಗೆತದ ಲಕ್ಷಣಗಳೆಂದು ತಪ್ಪಾಗಿ ಭಾವಿಸುವ ಸಾಧ್ಯತೆಯಿದೆ. ಆದುದರಿಂದ ಈ ಅವಧಿಯಲ್ಲಿ ಕಾಫಿ, ಚಹಾಗಳನ್ನು ತಗ್ಗಿಸುವುದು ಒಳಿತು. ಇದೇ ಕಾರಣಕ್ಕಾಗಿ ಥಿಯೋಫಿಲಿನ್, ಕ್ಲೋಜಪಿನ್, ಒಲಾಂಜಪಿನ್ ಮುಂತಾದ ಔಷಧಗಳನ್ನು ಸೇವಿಸುವವರು ಧೂಮಪಾನ ನಿಲ್ಲಿಸುವ ವಿಷಯವನ್ನು ವೈದ್ಯರಿಗೆ ತಿಳಿಸಬೇಕಾಗುತ್ತದೆ; ಅವುಗಳ ಪ್ರಮಾಣವನ್ನು ಬದಲಿಸಬೇಕಾಗಿ ಬರಬಹುದು.

## ತುಡಿತದ ನಿರ್ವಹಣೆ

ಸೇದಬೇಕೆಂಬ ತುಡಿತವು ನಿರಂತರವಾಗಿ ಒಂದೇ ತೀವ್ರತೆಯಲ್ಲಿ ಇರುವುದಿಲ್ಲ. ಅದು ಅಲೆಯಂತೆ ಏರಿ, ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಸೇದದಿದ್ದರೆ ತುಡಿತವು ಏರುತ್ತಲೇ ಹೋಗುತ್ತದೆ ಎಂಬ ಭಯವೇ ಅನೇಕರ ಸೋಲಿಗೆ ಕಾರಣವಾಗುತ್ತದೆ. ಪ್ರತಿ ಬಾರಿ ತುಡಿತವನ್ನು ಸೇದದೆ ದಾಟಿದಾಗ ಸಂದರ್ಭ ಮತ್ತು ಸಿಗರೇಟಿನ ನಡುವಿನ ನಂಟು ಸ್ವಲ್ಪ ಸಡಿಲಗೊಳ್ಳುತ್ತದೆ. ದಿನಗಳು ಉರುಳಿದಂತೆ ತುಡಿತಗಳ ನಡುವಿನ ಅಂತರ ಹೆಚ್ಚುತ್ತ, ತೀವ್ರತೆ ತಗ್ಗುತ್ತ ಹೋಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಈ ಸ್ವರೂಪವನ್ನು ಆಧರಿಸಿ ತುಡಿತವನ್ನು ಅಲೆಯಂತೆ ಗಮನಿಸುವ ವಿಧಾನವನ್ನು ಪ್ರಚುರಪಡಿಸಿದರು. ಇದರಲ್ಲಿ ವ್ಯಕ್ತಿಯು ತುಡಿತದೊಂದಿಗೆ ಹೋರಾಡದೆ, ಅದಕ್ಕೆ ಮಣಿಯದೆ, ದೇಹದಲ್ಲಿ ಅದು ಎಲ್ಲಿ ಹೇಗೆ ಅನುಭವಕ್ಕೆ ಬರುತ್ತಿದೆ ಎಂಬುದನ್ನು ಅವಲೋಕಿಸುತ್ತ ಅದು ತಾನಾಗಿಯೇ ಇಳಿಯುವವರೆಗೆ ಕಾಯುತ್ತಾನೆ.

ಆಪ್ತಸಮಾಲೋಚಕರು ಸಾಮಾನ್ಯವಾಗಿ ನಾಲ್ಕು ಸರಳ ಕ್ರಮಗಳನ್ನು ಕಲಿಸುತ್ತಾರೆ:

1. ಮುಂದೂಡುವುದು: ತುಡಿತ ಬಂದಾಗ ಸೇದುವುದನ್ನು 5ರಿಂದ 10 ನಿಮಿಷ ಮುಂದಕ್ಕೆ ಹಾಕುವುದು.
2. ದೀರ್ಘ ಉಸಿರಾಟ: ನಿಧಾನವಾಗಿ ಉಸಿರನ್ನು ಒಳಗೆಳೆದು ಹೊರಬಿಡುವುದು.
3. ನೀರು ಕುಡಿಯುವುದು: ಗುಟುಕು ಗುಟುಕಾಗಿ ನೀರು ಕುಡಿಯುತ್ತ ಬಾಯಿಗೆ ಬೇರೊಂದು ಕೆಲಸ ಕೊಡುವುದು.
4. ಗಮನ ಬದಲಿಸುವುದು: ಸ್ಥಳ ಬದಲಿಸುವುದು, ನಡೆಯುವುದು, ಯಾರೊಂದಿಗಾದರೂ ಮಾತನಾಡುವುದು ಅಥವಾ ಕೈಗೆ ಕೆಲಸ ಕೊಡುವುದು.

ಸುಮಾರು 10 ನಿಮಿಷಗಳ ಬಿರುಸಿನ ನಡಿಗೆಯಂತಹ ಅಲ್ಪಾವಧಿಯ ವ್ಯಾಯಾಮವೂ ತುಡಿತವನ್ನು ಆ ಹೊತ್ತಿಗೆ ತಗ್ಗಿಸುತ್ತದೆ. ಬಾಯಿಗೆ ಏನಾದರೂ ಬೇಕೆನಿಸಿದಾಗ ಏಲಕ್ಕಿ, ಲವಂಗ, ಸೋಂಪು ಅಥವಾ ಸೌತೆಕಾಯಿ, ಕ್ಯಾರೆಟ್ ಹೋಳುಗಳನ್ನು ಜಗಿಯುವುದು ವಾಡಿಕೆ. ಆದರೆ ಗುಟ್ಕಾ, ಜರ್ದಾ, ತಂಬಾಕು ಬೆರೆತ ಎಲೆಯಡಿಕೆಗಳನ್ನು ಬದಲಿಯಾಗಿ ಬಳಸುವುದು ವ್ಯಸನವನ್ನು ಉಳಿಸಿಕೊಂಡು ಬಾಯಿಯ ಕ್ಯಾನ್ಸರಿನ ಅಪಾಯವನ್ನು ತಂದುಕೊಂಡಂತಾಗುತ್ತದೆ. ತಂಬಾಕಿಲ್ಲದ ಅಡಕೆಯೂ ಕ್ಯಾನ್ಸರ್‌ಕಾರಕವೆಂದು ವರ್ಗೀಕೃತವಾಗಿದೆ.

### ಪ್ರಚೋದಕ ಸಂದರ್ಭಗಳು

ತ್ಯಜಿಸುವ ಮುನ್ನ ಒಂದು ವಾರ ಪ್ರತಿ ಸಿಗರೇಟಿನ ಸಮಯ, ಸ್ಥಳ, ಜೊತೆಗಾರರು ಹಾಗೂ ಮನಃಸ್ಥಿತಿಗಳನ್ನು ಬರೆದಿಟ್ಟರೆ ಪ್ರಚೋದಕ ಸಂದರ್ಭಗಳು ಸ್ಪಷ್ಟವಾಗುತ್ತವೆ. ಅವುಗಳಲ್ಲಿ ತಪ್ಪಿಸಬಹುದಾದವನ್ನು ಮೊದಲ ಕೆಲವು ವಾರ ತಪ್ಪಿಸುವುದು, ತಪ್ಪಿಸಲಾಗದವಕ್ಕೆ ಪರ್ಯಾಯ ಕ್ರಮವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ರೂಢಿಯಲ್ಲಿರುವ ವಿಧಾನ. ಊಟವಾದೊಡನೆ ಎದ್ದು ನಡೆಯುವುದು, ಕಾಫಿಯನ್ನು ಬೇರೆ ಜಾಗದಲ್ಲಿ ಕುಡಿಯುವುದು, ಮನೆ ಮತ್ತು ವಾಹನಗಳಿಂದ ಬೆಂಕಿಪೊಟ್ಟಣ, ಲೈಟರ್, ಬೂದಿಪಾತ್ರೆಗಳನ್ನು ತೆಗೆದುಹಾಕುವುದು ಇದಕ್ಕೆ ಉದಾಹರಣೆಗಳು. ಮದ್ಯಪಾನವು ಸಂಯಮವನ್ನು ಸಡಿಲಿಸುವುದರಿಂದ ಮರುಕಳಿಕೆಯ ಪ್ರಮುಖ ಕಾರಣಗಳಲ್ಲೊಂದಾಗಿದೆ.

## ಪ್ರೇರಣೆ ಮತ್ತು ಸಂಕಲ್ಪ

ಅಮೆರಿಕದ ಜೇಮ್ಸ್ ಪ್ರೊಚಾಸ್ಕಾ ಮತ್ತು ಕಾರ್ಲೊ ಡಿಕ್ಲೆಮೆಂಟೆ 1980ರ ದಶಕದಲ್ಲಿ ಧೂಮಪಾನಿಗಳ ಅಧ್ಯಯನದಿಂದ ಬದಲಾವಣೆಯ ಹಂತಗಳ ಮಾದರಿಯನ್ನು ರೂಪಿಸಿದರು. ಇದರ ಪ್ರಕಾರ ವ್ಯಕ್ತಿಯು ಬಿಡುವ ಆಲೋಚನೆಯೇ ಇಲ್ಲದ ಸ್ಥಿತಿಯಿಂದ ಆಲೋಚನೆ, ಸಿದ್ಧತೆ, ಕ್ರಿಯೆ, ಪಾಲನೆ ಎಂಬ ಹಂತಗಳನ್ನು ಹಾದುಹೋಗುತ್ತಾನೆ. ಮಧ್ಯದಲ್ಲಿ ಹಿಂದಿನ ಹಂತಕ್ಕೆ ಮರಳುವುದೂ ಉಂಟು. ಎಲ್ಲರೂ ಇದೇ ಕ್ರಮದಲ್ಲಿ ಸಾಗುವುದಿಲ್ಲವೆಂಬ ಟೀಕೆಯೂ ಈ ಮಾದರಿಗೆ ಇದೆ. ಯಾವ ಪೂರ್ವಸಿದ್ಧತೆಯೂ ಇಲ್ಲದೆ ಒಂದು ದಿನ ಹಠಾತ್ತನೆ ಬಿಟ್ಟು ಯಶಸ್ವಿಯಾದವರೂ ಸಾಕಷ್ಟಿದ್ದಾರೆ.

ಪ್ರೇರಣೆಯು ಸ್ಥಿರವಾದ ಗುಣವಲ್ಲ. ಬಿಟ್ಟ ದಿನದ ಉತ್ಸಾಹವು ಎರಡನೆಯ ವಾರದಲ್ಲಿ ಇರಬೇಕೆಂದಿಲ್ಲ. ಅದನ್ನು ಉಳಿಸಿಕೊಳ್ಳಲು ಕೆಳಗಿನ ಕ್ರಮಗಳನ್ನು ಸೂಚಿಸಲಾಗುತ್ತದೆ:

- ತ್ಯಜಿಸಲು ತನ್ನದೇ ಆದ ಕಾರಣಗಳನ್ನು ಬರೆದು ಜೇಬಿನಲ್ಲಿ ಅಥವಾ ಮೊಬೈಲಿನಲ್ಲಿ ಇಟ್ಟುಕೊಳ್ಳುವುದು. ದೂರದ ರೋಗಭಯದಷ್ಟೇ ಮಗುವಿನ ಆರೋಗ್ಯ, ಮೆಟ್ಟಿಲು ಹತ್ತುವಾಗಿನ ಏದುಸಿರು, ತಿಂಗಳ ಖರ್ಚು ಮುಂತಾದ ಹತ್ತಿರದ ಕಾರಣಗಳೂ ಮುಖ್ಯವಾಗುತ್ತವೆ.
- ಬಿಡುವ ದಿನವನ್ನು ಮುಂದಿನ ಎರಡು ವಾರಗಳೊಳಗೆ ನಿಗದಿಪಡಿಸಿ ಮನೆಯವರಿಗೆ, ಗೆಳೆಯರಿಗೆ, ಸಹೋದ್ಯೋಗಿಗಳಿಗೆ ತಿಳಿಸುವುದು.
- ಗುರಿಯನ್ನು ಒಂದೊಂದು ದಿನಕ್ಕೆ ಸೀಮಿತಗೊಳಿಸುವುದು ಹಾಗೂ ಸೇದದ ದಿನಗಳನ್ನು ಪಂಚಾಂಗದಲ್ಲಿ ಗುರುತಿಸುವುದು.
- ಉಳಿದ ಹಣವನ್ನು ಪ್ರತ್ಯೇಕವಾಗಿ ಕೂಡಿಡುವುದು.

ಸುತ್ತಲಿನವರ ನಡವಳಿಕೆಯೂ ಪ್ರೇರಣೆಯ ಮೇಲೆ ಪ್ರಭಾವ ಬೀರುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನಕ್ಕೆ ಸೇರಿದ 12,067 ಜನರ 1971ರಿಂದ 2003ರವರೆಗಿನ ಮಾಹಿತಿಯನ್ನು ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ವಿಶ್ಲೇಷಿಸಿ 2008ರಲ್ಲಿ ಪ್ರಕಟಿಸಿದರು. ಪತಿ ಅಥವಾ ಪತ್ನಿ ಧೂಮಪಾನ ಬಿಟ್ಟಾಗ ಇನ್ನೊಬ್ಬರು ಸೇದುವ ಸಾಧ್ಯತೆ ಶೇ. 67ರಷ್ಟು, ಒಡಹುಟ್ಟಿದವರು ಬಿಟ್ಟಾಗ ಶೇ. 25ರಷ್ಟು, ಗೆಳೆಯರು ಬಿಟ್ಟಾಗ ಶೇ. 36ರಷ್ಟು ಕಡಿಮೆಯಾದುದನ್ನು ಅವರು ಕಂಡುಕೊಂಡರು. ಆರ್ಥಿಕ ಪ್ರೋತ್ಸಾಹವೂ ಪರಿಣಾಮಕಾರಿ. ಅಮೆರಿಕದ ದೊಡ್ಡ ಸಂಸ್ಥೆಯೊಂದರ ನೌಕರರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಣದ ಬಹುಮಾನ ಪಡೆದ ಗುಂಪಿನಲ್ಲಿ ಶೇ. 14.7ರಷ್ಟು ಜನರೂ ಉಳಿದ ಗುಂಪಿನಲ್ಲಿ ಶೇ. 5ರಷ್ಟು ಜನರೂ ದೀರ್ಘಾವಧಿಗೆ ಧೂಮಪಾನದಿಂದ ದೂರ ಉಳಿದರು.

## ತ್ಯಜಿಸುವ ವಿಧಾನಗಳು

### ಹಠಾತ್ ಮತ್ತು ಕ್ರಮೇಣ ತ್ಯಾಗ

ಒಂದು ನಿಗದಿತ ದಿನದಿಂದ ಸಂಪೂರ್ಣವಾಗಿ ನಿಲ್ಲಿಸುವುದು ಒಂದು ವಿಧಾನ; ಸಿಗರೇಟುಗಳ ಸಂಖ್ಯೆಯನ್ನು ಇಳಿಸುತ್ತ ಬಂದು ನಿಲ್ಲಿಸುವುದು ಇನ್ನೊಂದು. ಇಂಗ್ಲೆಂಡಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, 4 ವಾರಗಳ ನಂತರ ಹಠಾತ್ತನೆ ಬಿಟ್ಟವರಲ್ಲಿ ಶೇ. 49ರಷ್ಟು ಮತ್ತು ಕ್ರಮೇಣ ಬಿಟ್ಟವರಲ್ಲಿ ಶೇ. 39.2ರಷ್ಟು ಜನರು ಧೂಮಪಾನದಿಂದ ದೂರವಿದ್ದರು. ಎರಡೂ ಗುಂಪುಗಳಿಗೆ ಆಪ್ತಸಮಾಲೋಚನೆ ಮತ್ತು ನಿಕೋಟಿನ್ ಬದಲಿ ಚಿಕಿತ್ಸೆ ದೊರೆತಿದ್ದವು.

ಬಿಡದೆ ಕೇವಲ ಸಂಖ್ಯೆಯನ್ನು ಇಳಿಸುವುದರಿಂದ ದೊರೆಯುವ ರಕ್ಷಣೆ ಅಲ್ಪ. ಕಡಿಮೆ ಸೇದುವವರು ಪ್ರತಿ ಸಿಗರೇಟನ್ನು ಹೆಚ್ಚು ಆಳವಾಗಿ ಎಳೆದು ಕೊರತೆಯನ್ನು ತುಂಬಿಕೊಳ್ಳುವುದು ಸಾಮಾನ್ಯ. ದಿನಕ್ಕೆ ಒಂದೇ ಸಿಗರೇಟು ಸೇದುವವರಿಗೂ, 20 ಸೇದುವವರಿಗಿರುವ ಹೆಚ್ಚುವರಿ ಹೃದ್ರೋಗದ ಅಪಾಯದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇರುತ್ತದೆಂದು 2018ರಲ್ಲಿ ಪ್ರಕಟವಾದ ವಿಶ್ಲೇಷಣೆ ತಿಳಿಸಿತು.

### ಆಪ್ತಸಮಾಲೋಚನೆ

ವೈದ್ಯರು ನೀಡುವ ಸಂಕ್ಷಿಪ್ತ ಸಲಹೆಯೂ ಪರಿಣಾಮ ಬೀರುತ್ತದೆ. ಬ್ರಿಟನ್ನಿನ ಮೈಕಲ್ ರಸೆಲ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಟುಂಬ ವೈದ್ಯರಿಂದ ಒಂದೆರಡು ನಿಮಿಷಗಳ ಸಲಹೆ ಹಾಗೂ ಕರಪತ್ರ ಪಡೆದು, ಮುಂದೆ ವಿಚಾರಿಸಲಾಗುವುದೆಂಬ ಸೂಚನೆಯನ್ನೂ ಪಡೆದವರಲ್ಲಿ ಶೇ. 5.1ರಷ್ಟು ಜನರು ಒಂದು ವರ್ಷದವರೆಗೆ ಧೂಮಪಾನದಿಂದ ದೂರ ಉಳಿದರು. ಸಲಹೆ ಪಡೆಯದವರಲ್ಲಿ ಈ ಪ್ರಮಾಣ ಶೇ. 0.3 ಆಗಿತ್ತು. ಇಂದು ಆರೋಗ್ಯ ಕಾರ್ಯಕರ್ತರಿಗೆ ಐದು ಹಂತಗಳ ಕ್ರಮವನ್ನು ಕಲಿಸಲಾಗುತ್ತದೆ: ತಂಬಾಕು ಸೇವನೆಯ ಬಗ್ಗೆ ಕೇಳುವುದು, ಬಿಡುವಂತೆ ಸಲಹೆ ನೀಡುವುದು, ಸಿದ್ಧತೆಯನ್ನು ಅಂದಾಜಿಸುವುದು, ನೆರವಾಗುವುದು ಮತ್ತು ಮುಂದಿನ ಭೇಟಿಯನ್ನು ಏರ್ಪಡಿಸುವುದು. ವೈಯಕ್ತಿಕ, ಗುಂಪು ಹಾಗೂ ದೂರವಾಣಿ ಆಪ್ತಸಮಾಲೋಚನೆಗಳೆಲ್ಲವೂ ಉಪಯುಕ್ತವೆಂದು ಕಂಡುಬಂದಿದೆ.

### ನಿಕೋಟಿನ್ ಬದಲಿ ಚಿಕಿತ್ಸೆ

ಹೊಗೆಯಲ್ಲಿರುವ ಟಾರು, ಇಂಗಾಲದ ಮಾನಾಕ್ಸೈಡ್ ಮುಂತಾದ ವಿಷಗಳಿಲ್ಲದೆ ನಿಕೋಟಿನನ್ನು ಮಾತ್ರ ಅಲ್ಪ ಪ್ರಮಾಣದಲ್ಲಿ ಒದಗಿಸಿ, ಹಿಂತೆಗೆತದ ತೀವ್ರತೆಯನ್ನು ತಗ್ಗಿಸುವುದೇ ಈ ಚಿಕಿತ್ಸೆಯ ತತ್ತ್ವ. ಚೂಯಿಂಗ್ ಗಮ್, ಚೀಪುವ ಮಾತ್ರೆ, ಚರ್ಮಕ್ಕೆ ಅಂಟಿಸುವ ಪ್ಯಾಚ್, ಮೂಗಿನ ಸ್ಪ್ರೇ ಮತ್ತು ಇನ್‌ಹೇಲರ್‌ಗಳ ರೂಪದಲ್ಲಿ ಇದು ದೊರೆಯುತ್ತದೆ. ಬದಲಿ ಚಿಕಿತ್ಸೆಯು ಯಶಸ್ಸಿನ ಸಾಧ್ಯತೆಯನ್ನು ಶೇ. 50ರಿಂದ 60ರಷ್ಟು ಹೆಚ್ಚಿಸುತ್ತದೆ. ದಿನವಿಡೀ ನಿಧಾನವಾಗಿ ನಿಕೋಟಿನ್ ನೀಡುವ ಪ್ಯಾಚಿನೊಂದಿಗೆ, ತುಡಿತ ಬಂದಾಗ ಬಳಸುವ ಗಮ್ ಅಥವಾ ಮಾತ್ರೆಯನ್ನು ಸೇರಿಸುವುದು ಒಂದನ್ನೇ ಬಳಸುವುದಕ್ಕಿಂತ ಹೆಚ್ಚು ಪರಿಣಾಮಕಾರಿ. ಚಿಕಿತ್ಸೆಯ ಅವಧಿ ಸಾಮಾನ್ಯವಾಗಿ 8ರಿಂದ 12 ವಾರಗಳು.

ನಿಕೋಟಿನ್ ಗಮ್ಮನ್ನು ಸಾಮಾನ್ಯ ಚೂಯಿಂಗ್ ಗಮ್ಮಿನಂತೆ ಸತತವಾಗಿ ಜಗಿಯಬಾರದು. ಖಾರದ ಅಥವಾ ಚುರುಗುಟ್ಟುವ ಅನುಭವ ಬರುವವರೆಗೆ ನಿಧಾನವಾಗಿ ಜಗಿದು, ಬಳಿಕ ಕೆನ್ನೆ ಮತ್ತು ಒಸಡಿನ ನಡುವೆ ಇರಿಸಿಕೊಳ್ಳಬೇಕು. ರುಚಿ ಇಳಿದ ಮೇಲೆ ಮತ್ತೆ ಜಗಿಯಬೇಕು. ಹೀಗೆ ಸುಮಾರು 30 ನಿಮಿಷ ಬಳಸಲಾಗುತ್ತದೆ. ನಿಕೋಟಿನ್ ಬಾಯಿಯ ಒಳಪೊರೆಯ ಮೂಲಕ ಹೀರಲ್ಪಡುವುದರಿಂದ, ಬಳಸುವ 15 ನಿಮಿಷ ಮೊದಲಿನಿಂದ ಕಾಫಿ, ಹಣ್ಣಿನ ರಸ ಮುಂತಾದ ಆಮ್ಲೀಯ ಪಾನೀಯಗಳನ್ನು ಕುಡಿಯಬಾರದು. ಬೇಗ ಬೇಗ ಜಗಿದು ರಸವನ್ನು ನುಂಗಿದರೆ ಬಿಕ್ಕಳಿಕೆ, ವಾಕರಿಕೆ, ಹೊಟ್ಟೆ ಉರಿ ಕಾಣಿಸಿಕೊಳ್ಳುತ್ತವೆ. ಗಮ್ 2 ಮತ್ತು 4 ಮಿಲಿಗ್ರಾಂ ಪ್ರಮಾಣಗಳಲ್ಲಿ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಸೇದುವವರಿಗೆ 4 ಮಿಲಿಗ್ರಾಂ ಸೂಚಿಸಲಾಗುತ್ತದೆ.

### ಇತರ ಔಷಧಗಳು

- ವರೆನಿಕ್ಲಿನ್: ನಿಕೋಟಿನ್ ಗ್ರಾಹಕಗಳನ್ನು ಭಾಗಶಃ ಪ್ರಚೋದಿಸಿ ತುಡಿತವನ್ನು ಇಳಿಸುತ್ತದೆ. ಗ್ರಾಹಕಗಳು ಆಗಲೇ ತುಂಬಿರುವುದರಿಂದ ಸಿಗರೇಟು ಸೇದಿದರೂ ಮೊದಲಿನ ಹಿತ ದೊರೆಯುವುದಿಲ್ಲ. ಬಿಡುವ ದಿನಕ್ಕೆ ಒಂದು ವಾರ ಮೊದಲು ಆರಂಭಿಸಿ ಸಾಮಾನ್ಯವಾಗಿ 12 ವಾರ ನೀಡಲಾಗುತ್ತದೆ. ವಾಕರಿಕೆ ಮತ್ತು ವಿಚಿತ್ರ ಕನಸುಗಳು ಸಾಮಾನ್ಯ ಅಡ್ಡಪರಿಣಾಮಗಳು.
- ಬ್ಯುಪ್ರೊಪಿಯಾನ್: ಮೂಲತಃ ಖಿನ್ನತೆಯ ಔಷಧ. ಅಪಸ್ಮಾರ ಅಥವಾ ಆಹಾರ ಸೇವನೆಯ ಮಾನಸಿಕ ಕಾಯಿಲೆ ಇರುವವರಿಗೆ ಕೊಡುವುದಿಲ್ಲ.
- ಸೈಟಿಸಿನ್: ಲ್ಯಾಬರ್ನಮ್ ಜಾತಿಯ ಗಿಡದ ಬೀಜದಿಂದ ದೊರೆಯುವ ಸಂಯುಕ್ತ. 1964ರಲ್ಲಿ ಬಲ್ಗೇರಿಯಾದಲ್ಲಿ ಔಷಧವಾಗಿ ಬಳಕೆಗೆ ಬಂದಿತು.

ವರೆನಿಕ್ಲಿನ್ ಮತ್ತು ಬ್ಯುಪ್ರೊಪಿಯಾನ್‌ಗಳಿಂದ ಮಾನಸಿಕ ದುಷ್ಪರಿಣಾಮಗಳಾಗಬಹುದೆಂಬ ಆತಂಕವಿತ್ತು. 8,144 ಜನರನ್ನು ಒಳಗೊಂಡು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಂತಹ ಗಣನೀಯ ಹೆಚ್ಚಳ ಕಾಣದ ಕಾರಣ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಈ ಬಗೆಗಿನ ಉನ್ನತ ಮಟ್ಟದ ಎಚ್ಚರಿಕೆಯನ್ನು ಅದೇ ವರ್ಷ ಹಿಂತೆಗೆದುಕೊಂಡಿತು. ಇವೆರಡನ್ನೂ ವೈದ್ಯರ ಸಲಹೆಯ ಮೇರೆಗೆ ಮಾತ್ರ ಸೇವಿಸಬೇಕು. ಅಕ್ಯುಪಂಕ್ಚರ್ ಮತ್ತು ಸಂಮೋಹನ ಚಿಕಿತ್ಸೆಗಳಿಂದ ದೀರ್ಘಕಾಲೀನ ಲಾಭವಿದೆಯೆಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲ. ವಿದ್ಯುನ್ಮಾನ ಸಿಗರೇಟುಗಳನ್ನು ಬ್ರಿಟನ್ನಿನಲ್ಲಿ ತ್ಯಜಿಸುವ ಸಾಧನವಾಗಿ ಬಳಸಲಾಗುತ್ತಿದೆ. ಭಾರತದಲ್ಲಿ 2019ರ ಕಾಯಿದೆಯು ಅವುಗಳ ಉತ್ಪಾದನೆ, ಆಮದು ಮತ್ತು ಮಾರಾಟವನ್ನು ನಿಷೇಧಿಸಿದೆ.

## ಮರುಕಳಿಕೆ

ಬಿಟ್ಟ ನಂತರ ಒಂದೆರಡು ಸಿಗರೇಟು ಸೇದುವುದನ್ನು ಎಡವುವಿಕೆ ಎಂದೂ, ಹಿಂದಿನಂತೆ ನಿತ್ಯ ಸೇದಲಾರಂಭಿಸುವುದನ್ನು ಮರುಕಳಿಕೆ ಎಂದೂ ವಿಂಗಡಿಸಲಾಗುತ್ತದೆ. ಒಮ್ಮೆ ಎಡವಿದಾಗ 'ಎಲ್ಲವೂ ಹಾಳಾಯಿತು, ಇನ್ನು ಸೇದಿದರೇನು' ಎಂಬ ಭಾವನೆ ಮೂಡುತ್ತದೆ. ತಪ್ಪಿತಸ್ಥ ಭಾವ ಮತ್ತು ಸೋಲಿನ ಅರಿವಿನಿಂದ ಹುಟ್ಟುವ ಈ ಪ್ರತಿಕ್ರಿಯೆಯೇ ಎಡವುವಿಕೆಯನ್ನು ಮರುಕಳಿಕೆಯಾಗಿ ಮಾರ್ಪಡಿಸುತ್ತದೆ ಎಂದು ಮಾರ್ಲಟ್ ವಿವರಿಸಿದರು. ಎಡವಿದವರು ಉಳಿದ ಸಿಗರೇಟುಗಳನ್ನು ಎಸೆದು, ಯಾವ ಸಂದರ್ಭ ಎಡವಿಸಿತೆಂದು ಗುರುತಿಸಿ, ಅಂದಿನಿಂದಲೇ ಮುಂದುವರಿಯುವುದು ಸೂಕ್ತ. ಹಾಗೆಂದು 'ಒಂದೇ ಒಂದು' ಸಿಗರೇಟು ನಿರಪಾಯಕಾರಿಯೆಂದಲ್ಲ; ಎಡವಿದವರಲ್ಲಿ ಹೆಚ್ಚಿನವರು ಮುಂದೆ ನಿತ್ಯದ ಧೂಮಪಾನಕ್ಕೆ ಮರಳುತ್ತಾರೆ. ಮರುಕಳಿಸಿದರೂ ಹಿಂದಿನ ಪ್ರಯತ್ನದ ಅನುಭವವು ಮುಂದಿನ ಪ್ರಯತ್ನಕ್ಕೆ ಉಪಯೋಗವಾಗುತ್ತದೆ.

### ತೂಕದ ಹೆಚ್ಚಳ

ನಿಕೋಟಿನ್ ಹಸಿವನ್ನು ತಗ್ಗಿಸಿ ದೇಹದ ಶಕ್ತಿವ್ಯಯವನ್ನು ಹೆಚ್ಚಿಸುತ್ತದೆ. ಆದುದರಿಂದ ಬಿಟ್ಟವರ ತೂಕ ಮೊದಲ ವರ್ಷದಲ್ಲಿ ಸರಾಸರಿ 4ರಿಂದ 5 ಕಿಲೋಗ್ರಾಂ ಹೆಚ್ಚುತ್ತದೆ. ಇದರಲ್ಲಿ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಿನದು. ಕೆಲವರ ತೂಕ ಹೆಚ್ಚುವುದೇ ಇಲ್ಲ. ತೂಕದ ಭಯದಿಂದ ಮತ್ತೆ ಸೇದಲಾರಂಭಿಸುವವರಿದ್ದರೂ, ತ್ಯಜಿಸುವುದರಿಂದ ಹೃದಯಕ್ಕಾಗುವ ಲಾಭವು ಈ ಹೆಚ್ಚಳದ ಹಾನಿಗಿಂತ ಬಹಳ ದೊಡ್ಡದು.

## ಆರೋಗ್ಯದ ಮೇಲಿನ ಪ್ರಯೋಜನಗಳು

- 20 ನಿಮಿಷಗಳಲ್ಲಿ ಹೃದಯ ಬಡಿತ ಮತ್ತು ರಕ್ತದೊತ್ತಡ ಇಳಿಯುತ್ತವೆ.
- 12ರಿಂದ 24 ಗಂಟೆಗಳಲ್ಲಿ ರಕ್ತದಲ್ಲಿನ ಇಂಗಾಲದ ಮಾನಾಕ್ಸೈಡ್ ಸಹಜ ಮಟ್ಟಕ್ಕೆ ಬರುತ್ತದೆ.
- 2ರಿಂದ 12 ವಾರಗಳಲ್ಲಿ ರಕ್ತಸಂಚಾರ ಮತ್ತು ಶ್ವಾಸಕೋಶದ ಕಾರ್ಯ ಸುಧಾರಿಸುತ್ತವೆ.
- 1ರಿಂದ 9 ತಿಂಗಳುಗಳಲ್ಲಿ ಕೆಮ್ಮು ಮತ್ತು ಏದುಸಿರು ಕಡಿಮೆಯಾಗುತ್ತವೆ.
- 1 ವರ್ಷದಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ.
- 10 ವರ್ಷಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯವು ಸೇದುವುದನ್ನು ಮುಂದುವರಿಸಿದವರ ಅಪಾಯದ ಸುಮಾರು ಅರ್ಧದಷ್ಟಾಗುತ್ತದೆ.
- 15 ವರ್ಷಗಳಲ್ಲಿ ಹೃದ್ರೋಗದ ಅಪಾಯವು ಎಂದೂ ಸೇದದವರ ಮಟ್ಟಕ್ಕೆ ಸಮೀಪಿಸುತ್ತದೆ.

ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ 1951ರಲ್ಲಿ ಬ್ರಿಟನ್ನಿನ ವೈದ್ಯರ ಮೇಲೆ ಆರಂಭಿಸಿದ ಅಧ್ಯಯನದ 50 ವರ್ಷಗಳ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. 34,439 ಪುರುಷ ವೈದ್ಯರನ್ನು ಒಳಗೊಂಡ ಈ ಅಧ್ಯಯನದ ಪ್ರಕಾರ, ಜೀವನಪರ್ಯಂತ ಸೇದುವವರು ಸರಾಸರಿ 10 ವರ್ಷಗಳ ಆಯುಸ್ಸನ್ನು ಕಳೆದುಕೊಳ್ಳುತ್ತಾರೆ. 60, 50, 40 ಹಾಗೂ 30ನೆಯ ವಯಸ್ಸಿನಲ್ಲಿ ತ್ಯಜಿಸಿದವರು ಕ್ರಮವಾಗಿ ಸುಮಾರು 3, 6, 9 ಮತ್ತು 10 ವರ್ಷಗಳ ಆಯುಸ್ಸನ್ನು ಮರಳಿ ಪಡೆಯುತ್ತಾರೆ. ಗರ್ಭಿಣಿಯರು ಬಿಡುವುದರಿಂದ ಅವಧಿಪೂರ್ವ ಹೆರಿಗೆ ಮತ್ತು ಕಡಿಮೆ ತೂಕದ ಮಗುವಿನ ಜನನದ ಅಪಾಯ ತಗ್ಗುತ್ತದೆ. ಶಸ್ತ್ರಚಿಕಿತ್ಸೆಗೆ 4 ವಾರ ಮೊದಲೇ ಬಿಟ್ಟವರಲ್ಲಿ ಉಸಿರಾಟದ ತೊಡಕುಗಳು ಮತ್ತು ಗಾಯ ಮಾಯುವಲ್ಲಿನ ವಿಳಂಬ ಕಡಿಮೆ.

## ಇತಿಹಾಸ

ಧೂಮಪಾನ ಮತ್ತು ಶ್ವಾಸಕೋಶದ ಕ್ಯಾನ್ಸರಿನ ನಂಟನ್ನು 1950ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಪ್ರಕಟವಾದ ಅಧ್ಯಯನಗಳು ಸ್ಪಷ್ಟವಾಗಿ ತೋರಿಸಿದವು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ 1962ರಲ್ಲಿಯೂ, ಅಮೆರಿಕದ ಸರ್ಜನ್ ಜನರಲ್ ಲೂಥರ್ ಟೆರಿ 1964ರ ಜನವರಿ 11ರಂದೂ ಈ ಕುರಿತು ವರದಿಗಳನ್ನು ಹೊರತಂದರು. ಆ ಕಾಲದಲ್ಲಿ ಧೂಮಪಾನವನ್ನು ಅಭ್ಯಾಸವೆಂದಷ್ಟೇ ಪರಿಗಣಿಸಲಾಗುತ್ತಿತ್ತು. ಅದು ವ್ಯಸನವೆಂದೂ, ನಿಕೋಟಿನ್ ಅದಕ್ಕೆ ಕಾರಣವೆಂದೂ 1988ರ ಸರ್ಜನ್ ಜನರಲ್ ವರದಿ ಘೋಷಿಸಿತು.

ನಿಕೋಟಿನ್ ಗಮ್ಮನ್ನು ಸ್ವೀಡನ್ನಿನ ಓವೆ ಫೆರ್ನೊ ಅಭಿವೃದ್ಧಿಪಡಿಸಿದರು. ಸೇದಲು ಅವಕಾಶವಿಲ್ಲದ ಜಲಾಂತರ್ಗಾಮಿಗಳಲ್ಲಿ ನಾವಿಕರು ತಂಬಾಕನ್ನು ಬಾಯಲ್ಲಿಟ್ಟುಕೊಂಡು ಸುಧಾರಿಸಿಕೊಳ್ಳುತ್ತಿದ್ದುದು ಈ ಆಲೋಚನೆಗೆ ಪ್ರೇರಣೆಯಾಯಿತು. ಗಮ್ 1978ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ, 1984ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅಮೆರಿಕದಲ್ಲಿ 1997ರಲ್ಲಿ ಬ್ಯುಪ್ರೊಪಿಯಾನ್ ಹಾಗೂ 2006ರಲ್ಲಿ ವರೆನಿಕ್ಲಿನ್ ಧೂಮಪಾನ ತ್ಯಜಿಸುವ ಔಷಧಗಳಾಗಿ ಅನುಮತಿ ಪಡೆದವು. ವಿಶ್ವ ಆರೋಗ್ಯ ಸಂಸ್ಥೆಯು ನಿಕೋಟಿನ್ ಬದಲಿ ಚಿಕಿತ್ಸೆಯನ್ನು 2009ರಲ್ಲಿಯೂ, ಈ ಎರಡು ಔಷಧಗಳನ್ನು 2021ರಲ್ಲಿಯೂ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. 2005ರಲ್ಲಿ ಜಾರಿಗೆ ಬಂದ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದದ 14ನೆಯ ವಿಧಿಯು ತ್ಯಜಿಸುವವರಿಗೆ ನೆರವು ನೀಡುವ ಹೊಣೆಯನ್ನು ಸದಸ್ಯ ರಾಷ್ಟ್ರಗಳ ಮೇಲೆ ಹೊರಿಸುತ್ತದೆ. ಪ್ರತಿವರ್ಷ ಮೇ 31ನ್ನು ವಿಶ್ವ ತಂಬಾಕು ರಹಿತ ದಿನವಾಗಿ ಆಚರಿಸಲಾಗುತ್ತದೆ.

## ಭಾರತದಲ್ಲಿ

2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 28.6ರಷ್ಟು ಜನರು ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ, ಶೇ. 10.7ರಷ್ಟು ಜನರು ಧೂಮಪಾನ ಮಾಡುತ್ತಾರೆ. ಸಿಗರೇಟು ಸೇದುವವರಿಗಿಂತ (ಶೇ. 4) ಬೀಡಿ ಸೇದುವವರ (ಶೇ. 7.7) ಸಂಖ್ಯೆ ಹೆಚ್ಚು. ಧೂಮಪಾನಿಗಳಲ್ಲಿ ಶೇ. 55.4ರಷ್ಟು ಜನರು ಬಿಡುವ ಆಲೋಚನೆಯಲ್ಲಿದ್ದರು. ಬೀಡಿಯು ಸಿಗರೇಟಿಗಿಂತ ಕಡಿಮೆ ಹಾನಿಕರವೆಂಬ ನಂಬಿಕೆ ಸರಿಯಲ್ಲ. ಅದರಲ್ಲಿ ತಂಬಾಕು ಕಡಿಮೆಯಿದ್ದರೂ ಆರದಂತೆ ಮತ್ತೆ ಮತ್ತೆ ಎಳೆಯಬೇಕಾಗುತ್ತದೆ. 2008ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು, ಬೀಡಿ ಸೇದುವ ಪುರುಷರು ಸುಮಾರು 6 ವರ್ಷ ಹಾಗೂ ಮಹಿಳೆಯರು ಸುಮಾರು 8 ವರ್ಷ ಆಯುಸ್ಸನ್ನು ಕಳೆದುಕೊಳ್ಳುತ್ತಾರೆಂದು ಅಂದಾಜಿಸಿತು.

2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೇಶದಲ್ಲಿ 13 ತಂಬಾಕು ವ್ಯಸನಮುಕ್ತಿ ಕೇಂದ್ರಗಳು ಆರಂಭವಾದವು. ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮ 2007-08ರಲ್ಲಿ ಜಾರಿಗೆ ಬಂದಿತು. 2003ರ ಕಾಯಿದೆಯಡಿ ರೂಪಿತವಾದ ನಿಯಮಗಳು 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿದವು. ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ 2016ರ ಮೇ ತಿಂಗಳಿನಲ್ಲಿ ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ ಆರಂಭವಾಯಿತು. ಇದರ ಶುಲ್ಕರಹಿತ ಸಂಖ್ಯೆ 1800-11-2356. 2018ರ ಸೆಪ್ಟೆಂಬರ್‌ನಿಂದ ತಂಬಾಕು ಪೊಟ್ಟಣಗಳ ಮೇಲೆಯೂ ಇದನ್ನು ಮುದ್ರಿಸಲಾಗುತ್ತಿದೆ.

### ಕರ್ನಾಟಕ

ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನರು ತಂಬಾಕು ಬಳಸುತ್ತಾರೆ, ಶೇ. 8.8ರಷ್ಟು ಜನರು ಧೂಮಪಾನಿಗಳು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2018ರಿಂದ ರಾಷ್ಟ್ರೀಯ ಸಹಾಯವಾಣಿಯ ಪ್ರಾದೇಶಿಕ ಕೇಂದ್ರವಿದ್ದು, ಕನ್ನಡವೂ ಸೇರಿದಂತೆ ದಕ್ಷಿಣದ ಭಾಷೆಗಳಲ್ಲಿ ಆಪ್ತಸಮಾಲೋಚನೆ ನೀಡುತ್ತದೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳು ಸಿಗರೇಟು ತಂಬಾಕಿನ ಬೆಳೆಗೂ, ದಕ್ಷಿಣ ಕನ್ನಡ ಜಿಲ್ಲೆಯು ಮನೆಗಳಲ್ಲಿ ಮಹಿಳೆಯರು ಬೀಡಿ ಕಟ್ಟುವ ಉದ್ಯಮಕ್ಕೂ ಹೆಸರಾಗಿವೆ. ಆದುದರಿಂದ ತಂಬಾಕು ನಿಯಂತ್ರಣವು ರಾಜ್ಯದಲ್ಲಿ ಜೀವನೋಪಾಯದ ಪ್ರಶ್ನೆಯೂ ಆಗಿದೆ. ರಾಜ್ಯ ಸರ್ಕಾರವು 2024ರಲ್ಲಿ ಹುಕ್ಕಾ ಬಾರ್‌ಗಳನ್ನು ನಿಷೇಧಿಸಿ, ತಂಬಾಕು ಉತ್ಪನ್ನಗಳ ಖರೀದಿಗೆ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸುವ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ಇದಕ್ಕೆ 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು.